ಶಾನಭಾಗರ ‘ಹೋಗಿ ಬಾ’

ನಮ್ಮ ಕಷ್ಟಕ್ಕೆ ಶಾನಭಾಗರ ಕಣ್ಣಲ್ಲಿ ನೀರು ಬರುವುದು ಯಾವಾಗಲೂ ನಮಗಿಂತ ಒಂದು ಗಳಿಗೆ ಮೊದಲು. “ರಾಯ್ರೆ, ನಿನ್ನೆ ಮನೆಯಲ್ಲಿ…” ಎಂದು ನಾವು ಬಾಯಿ ತೆರೆಯುವಷ್ಟರಲ್ಲಿ ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳತೊಡಗಿರುತ್ತಿದ್ದರು. ಎಷ್ಟೋ ಸಲ ನಾವು ಹೇಳಲು ಹೊರಟದ್ದು ಅಂಥ ದೊಡ್ಡ ಸಂಗತಿಯೇ ಆಗಿರುತ್ತಿರಲಿಲ್ಲ. ಒಮ್ಮೆ ಮನೆಯ ಆಕಳು ಕರು ಹಾಕಿತೆಂದು ಹೇಳಲು ಹೋಗಿದ್ದೆ. ಆಕಳು ಎಂಬ ಮಾತು ಬರುವುದರೊಳಗೇ ಅವರ ಕನ್ನಡಕ ಕೈಗೆ ಬಂದಿತ್ತು. ಕರುವಿನ ಸುದ್ದಿ ಕೇಳಿದ ಮೇಲೆ ಇನ್ನಷ್ಟು ಅತ್ತರು. ಅದು ಸಂತೋಷಕ್ಕೆ ಎಂದು ಅವರೇ ಹೇಳಬೇಕಾಯಿತು.

ಪುಂಡಲೀಕ ಶಾನಭಾಗರು ಹಟ್ಟಿಕೇರಿ ಹೊಳೆಯ ದಂಡೆಯಲ್ಲಿದ್ದ ಹಂಚಿನ ಕಾರ್ಖಾನೆಯ ಮ್ಯಾನೇಜರು. ಮಾಲಕರು ಮುಂಬಯಿಯಲ್ಲಿದ್ದರು. ನಾವು ಯಾರೂ ಅವರ ಮುಖ ಕಂಡವರಲ್ಲ, ಅವರ ಕಾಗದಗಳನ್ನಷ್ಟೆ ಕಂಡವರು. ನಾನು ಕೇಣಿಯವನು, ಅಲ್ಲಿ ಫಿಟರಾಗಿದ್ದೆ. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹದ ಬಿಸಿ ಇನ್ನೂ ಆರದ ಕಾಲ ಅದು. ಶಾನಭಾಗರ ಮನೆ ಕಾರವಾರದಲ್ಲಿ. ಶನಿವಾರ ಸರ್ವಿಸ್ ಮೋಟಾರು ಹತ್ತಿ ಊರಿಗೆ ಹೋಗುವರು, ಸೋಮವಾರ ಬೆಳಿಗ್ಗೆ ಮತ್ತೆ ಹಾಜರು. ಉಳಿದ ದಿನ ಕಾರ್ಖಾನೆಯ ಮೂಲೆಯ ಒಂದು ಕೋಣೆಯಲ್ಲಿ ಇರುತ್ತಿದ್ದರು. ಆಳು ಸಣಕಲು, ತಲೆಯ ಮೇಲೆ ಕರಿ ಟೊಪ್ಪಿಗೆ, ಕಿವಿಗಳು ಮಾತ್ರ ದೊಡ್ಡವು. ಬೆಳಿಗ್ಗೆ ಗೇಟಿನ ಬಳಿ ನಿಂತಿರುತ್ತಿದ್ದರು. ಯಾರು ತಡವಾಗಿ ಬಂದರೆಂದು ನೋಡಲು ನಿಲ್ಲುತ್ತಾರೆ ಎಂದು ಮೊದಮೊದಲು ನಾನು ಎಣಿಸಿದ್ದೆ. ಅವರು ಕೇಳುತ್ತಿದ್ದುದು ಒಂದೇ ಮಾತು: “ಗಂಜಿ ಉಂಡ್ಯಾ?” ಇಲ್ಲ ಎಂದವರನ್ನು ತಮ್ಮ ಕೋಣೆಯ ಹಿಂದಿನ ಅಡುಗೆಮನೆಗೆ ಕಳಿಸುವರು. ಉಂಡಿದ್ದರೂ ಇಲ್ಲವೆಂದು ಹೇಳಿ ಎರಡನೇ ಸಲ ಉಂಡವರಲ್ಲಿ ನಾನೂ ಒಬ್ಬ.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಹಂಚು ಒತ್ತುವ ಪ್ರೆಸ್ಸಿನಲ್ಲಿ ನನ್ನ ಎಡಗೈ ಕಿರುಬೆರಳು ಸಿಕ್ಕಿ ಜಜ್ಜಿಹೋಯಿತು. ಕೂಗು ಕೇಳಿ ಶಾನಭಾಗರು ಓಡಿಬಂದರು. ನನ್ನ ಕೈ ಹಿಡಿದುಕೊಂಡರು, “ಅರೇ ದೇವಾ, ಎಷ್ಟು ನೋವು ಆಗ್ತದೆ ತಿಮ್ಮಣ್ಣಾ” ಎಂದರು, ಬೆರಳು ನೋಡಿದರು, ನೋಡಿದವರೇ ಮಣ್ಣಿನ ಗುಡ್ಡೆಯ ಮೇಲೆ ದೊಪ್ಪನೆ ಬಿದ್ದರು. ಇದ್ದವರೆಲ್ಲ ನನ್ನನ್ನು ಬಿಟ್ಟು ಅವರನ್ನು ಎತ್ತಲು ಹೋದರು. ನಾನೇ ನನ್ನ ಬೆರಳಿಗೆ ಪಂಚೆಯ ತುಂಡು ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಅವರ ಮುಖಕ್ಕೆ ನೀರು ಚಿಮುಕಿಸಿದೆ. ಎಚ್ಚರವಾದ ಮೇಲೆ ಅವರು ಮೊದಲು ಕೇಳಿದ್ದು, “ನಂದು ಬಿಡು, ನಿನ್ನ ಬೆರಳು ಹೆಂಗದೆ?” ಆ ಬೆರಳು ಈಗಲೂ ಸೊಟ್ಟಗಿದೆ. ಅದನ್ನು ನೋಡಿದಾಗ ನನಗೆ ನಗು ಬರುತ್ತದೆ, ನಗುವಿನ ಹಿಂದೆಯೇ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳುತ್ತೇನೆ.

ಅಳುಬುರುಕ ಮನುಷ್ಯ ಕಾರ್ಖಾನೆ ನಡೆಸುವುದು ಹೇಗೆ ಎಂದು ನೀವು ಕೇಳಬಹುದು. ಬಹಳ ಚೆನ್ನಾಗಿ ನಡೆಸುತ್ತಿದ್ದರು. ಒತ್ತಿದ ಹಂಚುಗಳನ್ನು ಹಲಗೆಯ ಮೇಲೆ ಜೋಡಿಸಿ, ತಲೆಯ ಮೇಲೆ ಹೊತ್ತು, ಒಣಗಿಸುವ ಚಪ್ಪರಕ್ಕೂ ಅಲ್ಲಿಂದ ಭಟ್ಟಿಗೂ ಒಯ್ಯುವುದು ಹೆಂಗಸರ ಕೆಲಸ. ಭಟ್ಟಿಯ ಹತ್ತಿರದ ತಿರುವಿನಲ್ಲಿ ದಿನವೂ ಹಂಚು ಬಿದ್ದು ಒಡೆಯುತ್ತಿತ್ತು. “ಬಾಯಿ ಮುಚ್ಕಂಡು ಹೊತ್ರೆ ಒಂದೂ ಒಡಿಯೂದಿಲ್ಲ” ಎಂದು ಮುಕಾದಮ ಗೋವಿಂದ ಹೆಂಗಸರನ್ನು ಬೈಯುತ್ತಿದ್ದ. ಆಳುಗಳ ಮೇಲ್ವಿಚಾರಣೆ ಅವನದು, ಅವನ ಬಾಯಿ ಭಟ್ಟಿಗಿಂತ ಬಿಸಿ. ಒಂದು ದಿನ ಶಾನಭಾಗರು ಟೊಪ್ಪಿಗೆ ತೆಗೆದಿಟ್ಟು, ತಲೆಗೆ ಸಿಂಬೆ ಇಟ್ಟುಕೊಂಡು, ಹೆಂಗಸರ ಸಾಲಿನಲ್ಲಿ ಹಲಗೆ ಹೊತ್ತು ನಡೆದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ನಗದೆ ಅವರಿಗೆ ಕೆಲಸ ಕಲಿಸಿದವಳು ಸೋಮಿ ಒಬ್ಬಳೇ.

“ಕುತ್ತಿಗೆ ಗಟ್ಟಿ ಮಾಡ್ಬೇಡಿ ಒಡ್ಯಾ. ಹಲಗೆ ಹೋದಲ್ಲಿ ನೀವು ಹೋಗಿ” ಎಂದಳು.

ಸೋಮಿ ಹಟ್ಟಿಕೇರಿಯ ಬೇಸಾಯದ ಮನೆಯವಳು, ನಡುವಯಸ್ಸು ದಾಟಿದವಳು. ಗಂಡ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಊರಿನ ಒಬ್ಬ ಧಣಿಯ ಗದ್ದೆಯನ್ನು ಗೇಣಿಗೆ ಮಾಡಿಕೊಂಡು, ಅದೇ ಧಣಿಯ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಮಳೆಗಾಲದಲ್ಲಿ ಗದ್ದೆ, ಉಳಿದ ದಿನ ಕಾರ್ಖಾನೆ. ಮಾತು ಕಡಿಮೆ. ಹೇಳಿದ್ದನ್ನು ಹೇಳಿದ ಹಾಗೆಯೇ ತಿಳಿದುಕೊಳ್ಳುವ, ಹೇಳಿದ ಹಾಗೆಯೇ ಮಾಡುವ ಹೆಂಗಸು.

ಆ ದಿನ ಸಂಜೆಯ ತನಕ ಹೊತ್ತ ಮೇಲೆ ಶಾನಭಾಗರಿಗೆ ಗುಟ್ಟು ತಿಳಿಯಿತು. ಆ ತಿರುವಿನಲ್ಲಿ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ನೆಲದ ಮೇಲೆ ಹಳೆಯ ಹಂಚಿನ ಚೂರುಗಳು, ಎಲ್ಲರದ್ದೂ ಬರಿಗಾಲು. ಚೂರು ತಪ್ಪಿಸಲು ಕಾಲು ಓರೆಯಾದರೆ ತಲೆಯ ಮೇಲಿನ ಹಲಗೆಯೂ ಓರೆ. ಮರುದಿನ ಚೂರುಗಳನ್ನು ಬಳಿಸಿ, ಹೊಳೆಯ ಮರಳು ಹಾಸಿಸಿ, ಬಿಸಿಲಿಗೆ ತೆಂಗಿನ ಗರಿ ಹೆಣೆದ ಮಡ್ಲಿನ ತಟ್ಟಿ ಕಟ್ಟಿಸಿದರು. ಹಂಚು ಒಡೆಯುವುದು ನಿಂತೇಹೋಯಿತು. “ನೋಡು ತಿಮ್ಮಣ್ಣಾ, ಬೈದವರಿಗೆ ಇದು ಕಾಣೂದಿಲ್ಲ. ಹೊತ್ತವರಿಗೆ ಕಾಣ್ತದೆ” ಎಂದು ಕುತ್ತಿಗೆಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಹೇಳಿದರು. ಮೂರು ದಿನ ಅವರ ಕತ್ತು ತಿರುಗಲಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ “ಏನು?” ಎನ್ನುತ್ತಿದ್ದರು.

ಈ ಸುದ್ದಿ ಮುಂಬಯಿಗೆ ಹೋಯಿತು. ಶಾನಭಾಗರ ರೀತಿಯೇ ಸರಿಯಾದ ರೀತಿ, ಹೀಗೆಯೇ ನಡೆಸಿರಿ ಎಂದು ಮಾಲಕರ ಉತ್ತರ ಬಂತು. ಅವರು ಅದನ್ನು ನನಗೆ ಎರಡು ಸಲ ಓದಿ ಹೇಳಿದರು. ಆ ಕಾಗದ ಕೇಳುವಾಗ ನನಗೂ ಹೆಮ್ಮೆಯೇ ಆಗಿತ್ತು. ಇಂಥ ಮನುಷ್ಯನ ಕೈಕೆಳಗೆ ಇದ್ದೇನಲ್ಲ ಎಂದು ಊರಲ್ಲಿ ಹೇಳಿಕೊಂಡು ತಿರುಗಿದೆ.

ಆಮೇಲೆ ಕೆಟ್ಟ ಕಾಲ ಬಂತು. ಮುಂಬಯಿಯಲ್ಲಿ ಹೊಸ ಮನೆ ಕಟ್ಟುವವರೇ ಇಲ್ಲ, ಹಂಚು ಕೇಳುವವರಿಲ್ಲ ಎಂದು ಕಾಗದ ಬರತೊಡಗಿತು. ಸುಟ್ಟ ಹಂಚು ಅಂಗಳದಲ್ಲಿ ಆಳೆತ್ತರ ಪೇರಿಸಿಕೊಂಡು ಕೂತಿತು, ಅದರ ಮೇಲೆ ಹುಲ್ಲು ಹುಟ್ಟಿತು. ವಾರದಲ್ಲಿ ಮೂರೇ ದಿನ ಕೆಲಸ ಕೊಡಿ, ಜನರಿಗೆ ನಿಮ್ಮ ರೀತಿಯಲ್ಲಿ ತಿಳಿಸಿ ಹೇಳಿ ಎಂದು ಒಂದು ಕಾಗದ. ಶಾನಭಾಗರು ಮೊದಲು ತಮ್ಮ ಪಗಾರ ಇಳಿಸಿ ಎಂದು ಬರೆದರು. ಮಾಲಕರು ಸಂತೋಷದಿಂದ ಒಪ್ಪಿಕೊಂಡರು, ಮೂರು ದಿನದ ಮಾತನ್ನು ಮಾತ್ರ ಬಿಡಲಿಲ್ಲ. ಆಗ ಅವರು ನನ್ನನ್ನು ಜೊತೆಗೆ ಕರೆದುಕೊಂಡು ಮನೆ ಮನೆಗೆ ಹೋದರು. ಜಗಲಿಯಲ್ಲಿ ಕೂತರು, ಕೊಟ್ಟ ಬೆಲ್ಲ ನೀರು ಕುಡಿದರು, ಅತ್ತರು. ಮನೆಗೆ ಬಂದು ನೀರು ಕುಡಿದವರಿಗೆ ಇಲ್ಲ ಅನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಎಲ್ಲರೂ ಒಪ್ಪಿದರು. ಒಪ್ಪಿದ್ದಲ್ಲದೆ ಅವರನ್ನೇ ಸಮಾಧಾನ ಮಾಡಿದರು. “ಪಾಪ, ಒಡೇರು ನಮ್ಮನಿ ತನಕ ನಡ್ಕಂಡು ಬಂದು ಅತ್ರು” ಎಂದು ಊರೆಲ್ಲ ಮರುಗಿತು.

ಮುಕಾದಮ ಗೋವಿಂದ ನನ್ನ ಹತ್ತಿರ ಬೀಡಿ ಸೇದುತ್ತ ಹೇಳಿದ: “ನಾ ಬೈದು ಮಾಡಿಸ್ತೆ, ರಾಯ್ರು ಅತ್ತು ಮಾಡಿಸ್ತ್ರು. ಮಾಡಿಸೂದು ಒಂದೇ ಅಲ್ದನಾ?” ನನಗೆ ಅವನ ಮೇಲೆ ಸಿಟ್ಟು ಬಂತು. ಎಂಥ ಕಲ್ಲುಮನಸ್ಸಿನವನು ಎಂದುಕೊಂಡೆ.

ವೈಶಾಖ ಮುಗಿಯುತ್ತಿದ್ದಾಗ ಇನ್ನೊಂದು ಕಾಗದ ಬಂತು. ಅರ್ಧಕ್ಕರ್ಧ ಜನರನ್ನು ತೆಗೆಯಬೇಕು. ಶಾನಭಾಗರು ಎರಡು ದಿನ ಊಟ ಬಿಟ್ಟರು. ಗಂಡಸರಿಗೆ ಹೇಳುವ ಕೆಲಸವನ್ನು ಮುಕಾದಮನಿಗೆ ಬಿಟ್ಟುಕೊಟ್ಟರು. ಹೆಂಗಸರ ಮಾತು ಬಂದಾಗ ಅವರೇ ತಡೆದರು.

“ಅವರಿಗೆ ಆ ಗೋವಿಂದನ ಬಾಯಲ್ಲಿ ಹೇಳಿಸೂದು ಬೇಡ ತಿಮ್ಮಣ್ಣಾ. ಜೀವ ತೇದು ದುಡಿದಾರೆ. ನಾನೇ ಒಬ್ಬೊಬ್ಬರನ್ನ ಕರೆದು ಹೇಳ್ತೆ. ನೀ ಬಾಗಿಲ ಹತ್ರ ಇರು, ನಂಗೆ ಸ್ವಲ್ಪ ಧೈರ್ಯ ಬತ್ತದೆ.”

ಗೋವಿಂದ ಗಂಡಸರನ್ನು ಅಂಗಳದಲ್ಲಿ ನಿಲ್ಲಿಸಿ, “ನಾಳೆಯಿಂದ ಇತ್ಲಾಗೆ ಮುಖ ಹಾಕ್ಬೇಡಿ, ಕೆಲಸ ಇಲ್ಲ” ಎಂದ. ಅವರು ಅವನ ಹಿಂದಿನ ಮುಂದಿನ ತಲೆಮಾರನ್ನೆಲ್ಲ ಎತ್ತಿ ಬೈದು ಹೊರಟುಹೋದರು. ಇತ್ತ ಶಾನಭಾಗರ ಕೋಣೆಯಲ್ಲಿ ಚಾಪೆ ಹಾಸಿತ್ತು. ಆ ಕಾಲದಲ್ಲಿ ಕೂಲಿ ಹೆಂಗಸರನ್ನು ಚಾಪೆಯ ಮೇಲೆ ಕೂರಿಸಿದ್ದನ್ನು ನಾನು ಬೇರೆಲ್ಲೂ ಕಾಣೆ. ಒಬ್ಬೊಬ್ಬಳಿಗೂ ತಾವೇ ಬೆಲ್ಲ ನೀರು ಕೊಟ್ಟರು. ಮನೆಯವರನ್ನೆಲ್ಲ ಹೆಸರು ಹಿಡಿದು ವಿಚಾರಿಸಿದರು. ಆಮೇಲೆ ‘ಕೆಲಸ ಇಲ್ಲ’ ಎನ್ನಬೇಕಾದ ಜಾಗಕ್ಕೆ ಬಂದಾಗ ಮಾತು ದಾರಿ ಬದಲಿಸಿತು. “ಸದ್ಯಕ್ಕೆ ಹಂಚಿಗೆ ಗಿರಾಕಿ ಇಲ್ಲ. ಸ್ವಲ್ಪ ಸುಧಾರಿಸ್ಕೊಳಿ” ಎಂದರು. ಹೊರಡುವಾಗ ಬಾಗಿಲ ತನಕ ಬಂದು, “ಹೋಗಿ ಬಾ” ಎಂದರು.

ನಮ್ಮಲ್ಲಿ ಹೊರಟವರಿಗೆ ಬರೀ ‘ಹೋಗು’ ಅನ್ನುವುದಿಲ್ಲ. ಹೋಗು ಎಂದರೆ ಹೊರಗೆ ಹಾಕಿದ ಹಾಗೆ. ಶತ್ರುವಿಗೂ ಹೊಸ್ತಿಲಲ್ಲಿ ನಿಂತು ‘ಹೋಗಿ ಬಾ’ ಎನ್ನುತ್ತೇವೆ. ಶಾನಭಾಗರ ಬಾಯಿಂದಲೂ ಅದೇ ಬಂತು. ಬಹಳಷ್ಟು ಹೆಂಗಸರು ಅವರ ಕಣ್ಣು ನೋಡಿಯೇ ಅರ್ಥ ಮಾಡಿಕೊಂಡರು. ಸೋಮಿ ಬಾಗಿಲಲ್ಲಿ ನಿಂತು ಕೇಳಿದಳು.

“ಯಾವಾಗ ಬರ್ಲಿ ಒಡ್ಯಾ?”

ಶಾನಭಾಗರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. “ಬಾ… ನೋಡ್ವ” ಎಂದರು.

ಮರುದಿನ ಬೆಳಿಗ್ಗೆ ಸೋಮಿ ಸಿಂಬೆ ಹಿಡಿದುಕೊಂಡು ಗೇಟಿಗೆ ಬಂದಳು. ಒಳಗೆ ಬಿಡಲಿಲ್ಲವೆಂದು ಹೊರಗಿನ ಕಲ್ಲಿನ ಮೇಲೆ ಕೂತಳು. ಶಾನಭಾಗರು ಕಂಡವರೇ ಓಡಿಹೋಗಿ, “ಗಂಜಿ ಉಂಡ್ಯಾ ಸೋಮಕ್ಕಾ?” ಎಂದು ಗಂಜಿ ತರಿಸಿ ಕೊಟ್ಟರು. “ಇಂದು ಕೆಲಸ ಇಲ್ಲ. ಹೋಗಿ ಬಾ” ಎಂದರು. ಅವಳು ಹೋದಳು, ಮಾರನೆಯ ದಿನ ಬಂದಳು. ಹೀಗೆ ದಿನವೂ. ಮಳೆ ಹಿಡಿದ ಮೇಲೆ ತಲೆಯಿಂದ ಬೆನ್ನು ಮುಚ್ಚುವ ಎಲೆಯ ಗೊರಬು ಹೊದ್ದುಕೊಂಡು ಬಂದಳು. ಗೊರಬಿನ ಕೆಳಗೆ ಅವಳ ಕಾಲು ಮಾತ್ರ ಕಾಣುತ್ತಿತ್ತು.

ಆಗ ಗದ್ದೆಗಳಲ್ಲಿ ಭತ್ತದ ಸಸಿ ನೆಡುವ ನಟ್ಟಿ ಶುರುವಾಗಿತ್ತು. ಧಣಿಯ ಮನೆಯಿಂದ ಎರಡು ಸಲ ಅವಳಿಗೆ ಕರೆ ಬಂತು. ನಟ್ಟಿಗೆ ಬಾರದಿದ್ದರೆ ಗದ್ದೆ ಬೇರೆಯವರಿಗೆ ಕೊಡುತ್ತೇನೆಂದು ಧಣಿ ಹೇಳಿ ಕಳಿಸಿದ್ದ. ಗದ್ದೆ ಹೋದರೆ ಗುಡಿಸಲೂ ಹೋದಂತೆ. ನಾನು ಗೇಟಿನ ಹೊರಗೆ ಬಂದು, “ನಟ್ಟಿಗೆ ಎಂತಕೆ ಹೋಗೂದಿಲ್ಲ ಮಾರಾಯ್ತಿ?” ಎಂದು ಕೇಳಿದೆ.

“ಒಡೇರು ಹೋಗಿ ಬಾ ಅಂದಾರೆ. ಹಿಂದೆಲ್ಲ ಮಳೆ ಕಳದ್ಮೇಲೆ ಬಂದ್ರೂ ಕೆಲಸ ಇರ್ತಿತ್ತು, ಈಗ ಹಂಗಲ್ಲ. ನಾ ನಟ್ಟಿಗೆ ಹೋದ ದಿನವೇ ಕರದ್ರೆ? ನಾ ಇಲ್ದೇ ಇದ್ರೆ ಬೇರೆಯವರ್ನ ತಕಂತ್ರು. ನಟ್ಟಿ ಹದಿನೈದು ದಿನ, ಇದು ವರ್ಷದ ಕೂಳು” ಎಂದಳು.

ನಾನು ಓಡಿಹೋಗಿ ಶಾನಭಾಗರಿಗೆ ಎಲ್ಲ ಹೇಳಿದೆ. ಸಿಟ್ಟಿನಲ್ಲಿ ಧ್ವನಿಯೂ ಏರಿತು. “ರಾಯ್ರೆ, ಒಂದೇ ಒಂದು ಸಲ ಬಾಯಿ ಬಿಟ್ಟು ‘ಇನ್ನು ಬರ್ಬೇಡ’ ಅಂತ ಹೇಳಿ. ಅವ್ಳ ಗದ್ದೆ ಉಳೀತದೆ” ಎಂದೆ.

“ಹೌದು, ಹೇಳ್ಬೇಕು. ಹೇಳ್ದೆ ಇದ್ರೆ ತಪ್ಪಾಗ್ತದೆ” ಎಂದು ಕೊಡೆ ತೆಗೆದುಕೊಂಡು ಹೊರಟರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವಳ ಮುಂದೆ ನಿಂತರು. ಕೊಡೆಯನ್ನು ಅವಳ ಮೇಲೆ ಹಿಡಿದರು, ತಾವು ನೆನೆದರು. ಏನೋ ಮಾತಾಡಿದರು. ಅವಳು ತಲೆ ಆಡಿಸಿದಳು. ತಿರುಗಿ ಬಂದಾಗ ಅವರ ಮೈಯೆಲ್ಲ ಒದ್ದೆ.

“ಹೇಳಿದ್ರಾ?”

“ಅವಳ ಗಂಡನಿಗೆ ರಾತ್ರಿ ಪೂರ್ತಿ ನೋವಂತೆ, ತಿಮ್ಮಣ್ಣಾ. ಇಂಥಾ ಹೊತ್ತಲ್ಲಿ ಹೆಂಗೆ ಹೇಳೂದು? ನಾಳೆ ಹೇಳ್ತೆ.”

ಮರುದಿನ ಅವಳಿಗೇ ಸ್ವಲ್ಪ ಜ್ವರವಿತ್ತು. ಅದರ ಮರುದಿನ ಇನ್ನೇನೋ. ಅವಳ ಕಷ್ಟಗಳು ಒಂದೊಂದೂ ಇವರ ಬಾಯಿಗೆ ಬೀಗ ಹಾಕಿದವು. ನಾನೇ ಹೇಳಿಬಿಡಬಹುದಿತ್ತು. ಮ್ಯಾನೇಜರರ ಮಾತನ್ನು ಫಿಟರು ದಾಟಬಾರದೆಂದು ನನಗೆ ನಾನೇ ನೆಪ ಹೇಳಿಕೊಂಡು ಹತ್ತು ದಿನ ಕಳೆದೆ. ಕೊನೆಗೆ ತಡೆಯಲಾರದೆ ಹೋಗಿ, “ಸೋಮಿ, ಇನ್ನು ಬರ್ಬೇಡ. ನಿಂಗೆ ಇಲ್ಲಿ ಕೆಲಸ ಇಲ್ಲ, ಮುಂದೂ ಇರೂದಿಲ್ಲ. ಅವತ್ತೇ ತೆಗೆದಾಗಿತ್ತು” ಎಂದೆ. ಅವಳು ಸಿಂಬೆಯನ್ನು ಕಲ್ಲಿನ ಮೇಲೆಯೇ ಬಿಟ್ಟಳು. ಮತ್ತೆ ಎದ್ದು, ಮಳೆಯಲ್ಲಿ ಧಣಿಯ ಮನೆಯ ಕಡೆ ಓಡಿದಳು. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ. ಗದ್ದೆಗೆ ಬೇರೆಯವರು ಇಳಿದು ನಟ್ಟಿ ಮುಗಿಸಿ ಆಗಿತ್ತು.

ಮಳೆಗಾಲ ಕಳೆದ ಮೇಲೆ ಧಣಿಯ ಕಡೆಯವರು ಗುಡಿಸಲನ್ನೂ ಬಿಡಿಸಿದರು. ಘಟ್ಟದ ಮೇಲೆ ಕಾಡಿನ ಮರ ಕಡಿಯುವ ನಾಟಾ ಕೂಪಿಗೆ ಜನ ಬೇಕೆಂದು ಯಾರೋ ಹೇಳಿದ್ದಕ್ಕೆ ಸೋಮಿ ಗಂಡನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೊರಟಳು. ಆ ದಿನ ಶನಿವಾರ. ಗಾಡಿಯನ್ನು ಕಾರ್ಖಾನೆಯ ಎದುರು ನಿಲ್ಲಿಸಿ ಅವಳು ಇಳಿದು ಬಂದಳು. ಶಾನಭಾಗರು ಕಾರವಾರಕ್ಕೆ ಹೋಗಿಯಾಗಿತ್ತು.

“ಒಡೇರಿಗೆ ನನ್ನ ಒಂದು ಮಾತು ಹೇಳು” ಎಂದಳು. “ಮುಕಾದಮ ಬೈದು ಕಳ್ಸಿದ್ರೆ ನನ್ನ ಮನಿ ಉಳೀತಿತ್ತು. ಇವ್ರು ಅತ್ತು ಅತ್ತು ನನ್ನ ಮನಿ ತೆಗ್ದ್ರು. ಇನ್ನು ಯಾರ ಮುಂದೂ ಹಿಂಗೆ ಮಾಡ್ಬೇಡಿ ಅಂದ್ಲು ಅಂತ ಹೇಳು. ಮರೀಬೇಡ.”

ಹೇಳುತ್ತೇನೆ ಎಂದೆ. ಸೋಮವಾರ ಶಾನಭಾಗರು ಬಂದರು. ಸೋಮಿ ಹೊರಟುಹೋದಳೆಂದು ಕೇಳಿದೊಡನೆ ಗೋಡೆಗೆ ಒರಗಿ ಕೂತುಬಿಟ್ಟರು. ಅವತ್ತು ಬೇಡ, ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡೆ.

ಗೋವಿಂದ ಬೈದು ಅಟ್ಟಿದ ಗಂಡಸರಲ್ಲಿ ಕೆಲವರು ಮುಂಬಯಿಯ ಗಿರಣಿ ಸೇರಿದರು, ಕೆಲವರು ಗೋವೆಗೆ ಹೋದರು, ಉಳಿದವರು ಅವರವರ ನಟ್ಟಿಗೆ ಇಳಿದರು. ಹೇಗೋ ಬದುಕಿಕೊಂಡರು. ಅವರು ಇಂದಿಗೂ ಗೋವಿಂದನ ಹೆಸರೆತ್ತಿದರೆ ಉಗುಳುತ್ತಾರೆ. ಶಾನಭಾಗರ ಹೆಸರೆತ್ತಿದರೆ ಹಟ್ಟಿಕೇರಿಯಲ್ಲಿ ಈಗಲೂ ಜನ ಕೈ ಮುಗಿಯುತ್ತಾರೆ. ಇದರಲ್ಲಿ ಯಾವುದು ನ್ಯಾಯ ಎಂದು ನನ್ನನ್ನು ಕೇಳಬೇಡಿ. ನಾನೂ ಅವರನ್ನು ನನ್ನ ತಂದೆಗಿಂತ ಹೆಚ್ಚು ಪ್ರೀತಿಸಿದವನು.

ಕಾರ್ಖಾನೆ ಮತ್ತೊಂದು ವರ್ಷ ಕುಂಟಿತು, ಆಮೇಲೆ ಮುಚ್ಚಿತು. ಶಾನಭಾಗರಿಗೆ ಮುಂಬಯಿಯಿಂದ ಕಾಗದ ಬಂತು. ನಿಮ್ಮ ಮನಸ್ಸಿಗೆ ಆಗುವ ನೋವು ನಮಗೆ ಗೊತ್ತಿದೆ, ಕಾಲ ಸುಧಾರಿಸಿದರೆ ನಿಮ್ಮನ್ನೇ ಮೊದಲು ಕರೆಯುತ್ತೇವೆ ಎಂದಿತ್ತು. ಅವರು ಅದನ್ನು ನಂಬಿದರು. ಬೇರೆ ಕಡೆ ಬಂದ ಎರಡು ಕೆಲಸಗಳನ್ನು ಬೇಡವೆಂದರು. “ಕರೆದಾಗ ನಾ ಬೇರೆ ಕಡೆ ಇದ್ರೆ ಚೆಂದ ಅಲ್ಲ” ಎಂದರು. ನಾನು ಕಾರವಾರದ ಒಂದು ಮೋಟಾರು ಗ್ಯಾರೇಜಿಗೆ ಸೇರಿದ್ದೆ. ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಬರುತ್ತಿದ್ದೆ. ಪ್ರತಿ ಸಲವೂ ಸೋಮಿಯ ಆ ಮಾತು ಹೇಳಿಬಿಡಬೇಕೆಂದೇ ಹೋಗುವುದು, ಹೇಳದೆಯೇ ಬರುವುದು.

ಒಂದು ದಿನ ಕೂಪಿನಿಂದ ನಾಟಾ ತಂದ ಲಾರಿ ರಿಪೇರಿಗೆ ಬಂತು. ಡ್ರೈವರನ ಹತ್ತಿರ ಸೋಮಿಯ ವಿಚಾರ ಕೇಳಿದೆ. ಮೊದಲ ವರ್ಷವೇ ಚಳಿಜ್ವರದಲ್ಲಿ ತೀರಿಕೊಂಡಳಂತೆ, ಅವಳ ಹಿಂದೆಯೇ ಗಂಡನೂ. ನಾನು ಕೈಯ ಎಣ್ಣೆಯನ್ನೂ ಸರಿಯಾಗಿ ಒರೆಸಿಕೊಳ್ಳದೆ ಶಾನಭಾಗರ ಮನೆಗೆ ನಡೆದೆ. ಈ ಸಲ ಹೇಳಲೇಬೇಕು, ಎರಡನ್ನೂ ಹೇಳಬೇಕು ಎಂದು ದಾರಿಯುದ್ದಕ್ಕೂ ಅವಳ ಮಾತುಗಳನ್ನು ಬಾಯಲ್ಲಿ ಆಡಿಸಿಕೊಂಡೆ.

ಅವರು ಒಳಕೋಣೆಯಲ್ಲಿ ಮಲಗಿದ್ದರು. ಹದಿನೈದು ದಿನಗಳಿಂದ ಎದೆನೋವು. ನನ್ನನ್ನು ಕಂಡು ಎದ್ದು ಕೂರಲು ನೋಡಿದರು, ಆಗಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ಹಿಡಿದುಕೊಂಡು ಕೇಳಿದರು.

“ತಿಮ್ಮಣ್ಣಾ, ಖರೆ ಹೇಳು. ಸೋಮಕ್ಕ ಹೊರಟ ದಿನ ನೀ ಅಲ್ಲಿದ್ದೆ ಅಲ್ದಾ? ನನ್ನ ಬೈದ್ಳನಾ?”

ಇಷ್ಟು ದಿನ ಆ ಒಂದು ಪ್ರಶ್ನೆಯನ್ನು ಎದೆಯಲ್ಲಿ ಇಟ್ಟುಕೊಂಡು ಮಲಗಿದ್ದರೆಂದು ನನಗೆ ತಿಳಿಯಿತು. ಅವರ ಮುಖ ನೋಡಿದೆ.

“ಇಲ್ಲ ರಾಯ್ರೆ. ಏನೂ ಅನ್ಲಿಲ್ಲ” ಎಂದೆ.

ಅವರು ಉಸಿರು ಬಿಟ್ಟು ದಿಂಬಿಗೆ ತಲೆ ಇಟ್ಟರು. “ನಂಗೊತ್ತಿತ್ತು. ಅವ್ಳಿಗೆ ನನ್ನ ಮನಸ್ಸು ಗೊತ್ತಿತ್ತು” ಎಂದರು. ಮತ್ತೆ ನನ್ನ ಕಡೆ ತಿರುಗಿ, “ಕಾರ್ಖಾನೆ ಮತ್ತೆ ಶುರುವಾದ್ರೆ ಮೊದಲು ಅವಳನ್ನೇ ಕರೆಯೂದು. ನೀ ಕೂಪಿಗೆ ಹೋಗಿ ಹೇಳ್ಬೇಕು, ಆಯ್ತಾ?” ಎಂದರು.

ನಾನು ಹೂಂ ಅಂದೆ.

ಅದಾದ ಒಂಬತ್ತನೆಯ ದಿನ ಅವರು ತೀರಿಕೊಂಡರು. ಮುಖ ಬಹಳ ಶಾಂತವಾಗಿತ್ತು ಎಂದು ನೋಡಿದವರೆಲ್ಲ ಹೇಳಿದರು. ಆ ಶಾಂತಿ ಎಲ್ಲಿಂದ ಬಂತೆಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಹೆಗಲು ಕೊಟ್ಟು ನಡೆಯುವಾಗ ಸೋಮಿ ಒಪ್ಪಿಸಿದ ಮಾತು ನನ್ನ ಬಾಯಲ್ಲೇ ಇತ್ತು. ಅದನ್ನು ಹೇಳಿ ಕಳಿಸಿದವಳೂ ಇಲ್ಲ, ಕೇಳಬೇಕಾದವರೂ ಇಲ್ಲ.